ಲಿಬ್ರಿವಾಕ್ಸೋ, ಹಣ ಕೊಟ್ಟು ಕೇಳುವ ಆಡಿಯೋಬುಕ್ಕೋ?

ಹಳೆಯ ಕಾದಂಬರಿಗಳನ್ನು ಕೇಳುವ ಆಸೆ ಇದ್ದರೆ ಮೊದಲು ಲಿಬ್ರಿವಾಕ್ಸ್ ನೋಡಿ, ಇದು ಆಡಿಯೋಬುಕ್‌ಗಳನ್ನು ಉಚಿತವಾಗಿ ಕೊಡುವ ಜಾಲತಾಣ. ಇತ್ತೀಚಿನ ಪುಸ್ತಕವೇ ಬೇಕು ಅಂದರೆ ಹಣ ಕೊಡುವ ದಾರಿಯೇ ಸರಿ. ಲಿಬ್ರಿವಾಕ್ಸ್‌ನಲ್ಲಿ ಇರುವುದು ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಇಲ್ಲದ ಪುಸ್ತಕಗಳು ಮಾತ್ರ, ಅದರಲ್ಲೂ ಇಂಗ್ಲಿಷ್‌ನವೇ ಜಾಸ್ತಿ.

ನಿಜವಾದ ವ್ಯತ್ಯಾಸ ಇರುವುದು ದನಿಯಲ್ಲಿ. ಹಣ ಕೊಟ್ಟು ಕೊಳ್ಳುವ ಪುಸ್ತಕದಲ್ಲಿ ಸಾಮಾನ್ಯವಾಗಿ ಪಳಗಿದ ಕಲಾವಿದರು ಸ್ಟುಡಿಯೋದಲ್ಲಿ ಓದಿರುತ್ತಾರೆ. 2005ರಲ್ಲಿ ಹ್ಯೂ ಮೆಗೈರ್ ಶುರು ಮಾಡಿದ ಲಿಬ್ರಿವಾಕ್ಸ್‌ನಲ್ಲಿ ಓದುವವರೆಲ್ಲ ಸ್ವಯಂಸೇವಕರು. ಕೆಲವು ಪುಸ್ತಕಗಳಲ್ಲಿ ಅಧ್ಯಾಯಕ್ಕೊಬ್ಬರು ಓದುತ್ತಾರೆ. ಒಂದರಲ್ಲಿ ಮೆಲುದನಿ, ಮುಂದಿನದರಲ್ಲಿ ಬೇರೆ ದೇಶದ ಉಚ್ಚಾರಣೆ, ಹಿಂದೆ ಎಲ್ಲೋ ಸಣ್ಣಗೆ ಗುಂಯ್ ಎನ್ನುವ ಸದ್ದು. ಕಿರಿಕಿರಿ ಆಗುತ್ತದೆಯೇ? ಹುಡುಕುವಾಗ ‘ಸೋಲೋ’ ಅಂತ ಆರಿಸಿ, ಒಬ್ಬರೇ ಓದಿದ್ದು ಸಿಗುತ್ತದೆ. ಹೆಸರಾಂತ ಪುಸ್ತಕಗಳಿಗೆ ಎರಡು ಮೂರು ಆವೃತ್ತಿಗಳಿರುತ್ತವೆ. ಪ್ರತಿಯೊಂದನ್ನೂ ಐದು ನಿಮಿಷ ಕೇಳಿ ನೋಡಿ, ದನಿ ಹಿಡಿಸದಿದ್ದರೆ ಸುಮ್ನೆ ಬಿಟ್ಟುಬಿಡಿ. ಕಳೆದುಕೊಳ್ಳುವುದೇನೂ ಇಲ್ಲ ಅಲ್ವಾ?

ನನಗಂತೂ ಈ ದನಿಗಳೇ ಇಷ್ಟ. ಪುಸ್ತಕದ ಮೇಲಿನ ಪ್ರೀತಿಯಿಂದ ಓದುವವರ ಉತ್ಸಾಹ ಕೇಳುವವರಿಗೂ ಅಂಟುತ್ತದೆ.

ಇನ್ನೊಂದು ದೊಡ್ಡ ಅನುಕೂಲ: ಎಂಪಿ3 ಇಳಿಸಿಕೊಂಡರೆ ಅದು ನಿಮ್ಮದೇ. ರೆಕಾರ್ಡಿಂಗ್‌ಗಳನ್ನೂ ಹಕ್ಕು ಇಟ್ಟುಕೊಳ್ಳದೆ ಬಿಟ್ಟುಕೊಟ್ಟಿರುವುದರಿಂದ ಸ್ನೇಹಿತರಿಗೂ ಕಳಿಸಬಹುದು. ಅಮೆರಿಕದ ಹೊರಗಿದ್ದರೆ ನಿಮ್ಮ ದೇಶದ ಹಕ್ಕುಸ್ವಾಮ್ಯ ನಿಯಮ ಒಮ್ಮೆ ನೋಡಿಕೊಳ್ಳಿ. ಚಂದಾ ಸೇವೆಗಳಲ್ಲಿ ಚಂದಾ ನಿಂತರೆ ಎಷ್ಟೋ ಪುಸ್ತಕಗಳು ಕೈಗೆ ಸಿಗುವುದಿಲ್ಲ. ಷರತ್ತು ಓದಿಯೇ ಸೇರಿ.