ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿ: ಮುಂದಿನ ಮೇಜು, ಒಳಗಿನ ಬೀರು

ಅವೆನ್ಯೂ ರಸ್ತೆಯ ಸಂದಿಯೊಂದರಲ್ಲಿರುವ ಈ ಹಳೇ ಪುಸ್ತಕದಂಗಡಿಗೆ ನಾನು ಹಲವು ವರ್ಷಗಳ ಗಿರಾಕಿ. ಪಠ್ಯಪುಸ್ತಕ, ಗೈಡು, ನಿಘಂಟುಗಳ ಬೆಲೆ ನ್ಯಾಯವಾಗಿದೆ, ಚೌಕಾಸಿಗೂ ಆಸ್ಪದವಿದೆ. ನಾನು ಬರೆಯಹೊರಟಿರುವುದು ಮುಂದಿನ ಮೇಜಿನ ಮೇಲೆ ಕಂಡ ಎರಡು ಮುದ್ರಣಗಳ ಕುರಿತು.

ಮೊದಲನೆಯದು, ಒಂದು ಸಮುದಾಯವನ್ನು ಹೀನಾಯವಾಗಿ ಹಳಿಯುವ ಎಂಟು ಪುಟಗಳ ಹಳೆಯ ಕಿರುಹೊತ್ತಗೆ. ಅದರ ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆಯಾಗಿತ್ತು. ಹಿಂಬದಿಯಲ್ಲಿ ಪೆನ್ಸಿಲಿನಿಂದ 40 ರೂಪಾಯಿ ಎಂದು ಬರೆದಿತ್ತು. ಎರಡನೆಯದು, ಅದೇ ಸಮುದಾಯದ ವ್ಯಾಪಾರಿಗಳನ್ನು ಬೀದಿಯೊಂದರಿಂದ ಎತ್ತಂಗಡಿ ಮಾಡಿಸಲು ಎಲ್ಲರೂ ಸೇರಬೇಕೆಂದು ಕರೆಯುವ ಹೊಸ ಕರಪತ್ರಗಳ ಕಟ್ಟು. ಅದರಲ್ಲಿ ದಿನ, ಹೊತ್ತು, ಜಾಗ ಮೂರೂ ಅಚ್ಚಾಗಿದ್ದವು.

ಆಕ್ಷೇಪಿಸಿದಾಗ ಮಾಲೀಕರು, "ನಾನು ಪುಸ್ತಕ ಮಾರೋನು ಸಾರ್, ಜಡ್ಜ್ ಅಲ್ಲ. ಇವತ್ತು ಇದನ್ನ ತೆಗೆದ್ರೆ, ನಾಳೆ ಇನ್ನೊಬ್ರು ಬಂದು ಇನ್ನೊಂದನ್ನ ತೆಗಿ ಅಂತಾರೆ" ಎಂದರು. ಈ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಧಾರ್ಮಿಕ ಭಾವನೆಗಳನ್ನು ಬೇಕೆಂದೇ ಕೆರಳಿಸುವುದನ್ನು ಶಿಕ್ಷಿಸಲು 1927ರಲ್ಲಿ ಬ್ರಿಟಿಷರು ದಂಡಸಂಹಿತೆಗೆ ಸೇರಿಸಿದ 295ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಾಗಿ ಮುಂದುವರಿದಿದೆ. ಸಮುದಾಯಗಳ ನಡುವೆ ವೈರ ಬೆಳೆಸುವುದಕ್ಕೆ 196ನೇ ಕಲಮಿದೆ. ಎರಡರಲ್ಲೂ 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಯಾರಿಗೆ ಯಾವಾಗ ನೋವಾಯಿತೆಂಬುದೊಂದೇ ಅಳತೆಗೋಲಾದರೆ ಹಳೇ ಪುಸ್ತಕದ ವ್ಯಾಪಾರವನ್ನೇ ಮುಚ್ಚಬೇಕಾಗುತ್ತದೆ.

ಆದರೆ ಮಾಲೀಕರು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟದ್ದು ತಪ್ಪು. 2015ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸುವಾಗ, ಚರ್ಚೆ ಮತ್ತು ಪ್ರತಿಪಾದನೆಗಳು ಎಷ್ಟೇ ಅಪ್ರಿಯವಾಗಿದ್ದರೂ ಸಂವಿಧಾನದ 19ನೇ ವಿಧಿಯ ರಕ್ಷಣೆಯಲ್ಲಿವೆ, ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ನಿರ್ಬಂಧದ ಪ್ರಶ್ನೆ ಏಳುತ್ತದೆ ಎಂದು ಗೆರೆ ಎಳೆಯಿತು. ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, 1969ರ ಬ್ರಾಂಡೆನ್‌ಬರ್ಗ್ ಪ್ರಕರಣದಲ್ಲಿ ಬಿಳಿಯರ ಮೇಲ್ಮೆ ಸಾರುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ನಾಯಕನೊಬ್ಬನಿಗೆ ಭಾಷಣಕ್ಕಾಗಿ ಆಗಿದ್ದ ಶಿಕ್ಷೆಯನ್ನೇ ತಳ್ಳಿಹಾಕಿತ್ತು. ಅಷ್ಟು ಧಾರಾಳತನ ನಮಗೆ ಹೊಂದುವುದೆಂದು ನನಗನ್ನಿಸುವುದಿಲ್ಲ. ಹೊತ್ತಗೆ ಹೇಸಿಗೆ ಹುಟ್ಟಿಸುವ ಅಭಿಪ್ರಾಯ. ಕೇಳಿ ಬಂದವರಿಗೆ ಮಾರಲಿ. ಕರಪತ್ರವಾದರೋ ಜನರನ್ನು ಬೀದಿಗೆ ಕರೆಯುವ ಓಲೆ.

ನಾವು ಹೀಗೆ ವಾದಿಸುತ್ತಿದ್ದಾಗಲೇ, ಮಗಳಿಗೆ ಪಿಯುಸಿ ಗೈಡು ಹುಡುಕುತ್ತಿದ್ದ ತಾಯಿಯೊಬ್ಬರು ಆ ಕಟ್ಟಿನ ಮೇಲಿನ ಹಾಳೆಯನ್ನು ಓದಿದರು. ಅದು ತಮ್ಮವರ ಕುರಿತೇ ಎಂಬುದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಕೈಯಲ್ಲಿದ್ದ ಗೈಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಮಗಳ ಕೈಹಿಡಿದು ಹೊರಟುಹೋದರು. ನನ್ನ ಕಾನೂನಿನ ಮಾತು ಅಲ್ಲಿಗೆ ನಿಂತಿತು.

ಹದಿನೈದು ದಿನ ಬಿಟ್ಟು ಹೋದಾಗ ಕರಪತ್ರಗಳಿರಲಿಲ್ಲ. ಹೊತ್ತಗೆ ಒಳಗಿನ ಗಾಜಿನ ಬೀರು ಸೇರಿತ್ತು. ನನ್ನ ವಾದಕ್ಕೆ ಸೋತರೆಂದು ಹಿಗ್ಗುವಂತಿಲ್ಲ. "ಗಿರಾಕಿ ಹೋದ್ರಲ್ಲ ಸಾರ್" ಎಂದಷ್ಟೇ ಹೇಳಿದರು. ಸಂಗ್ರಹ, ಬೆಲೆ ಮತ್ತು ತಡವಾಗಿಯಾದರೂ ಬಂದ ಈ ವಿವೇಕಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಹೊತ್ತಗೆಯನ್ನು 30 ರೂಪಾಯಿಗೆ ಇಳಿಸಿ ನಾನೇ ಕೊಂಡೆ. ಆ ಕಟ್ಟನ್ನು ತಂದಿಟ್ಟವರು ಯಾರೆಂದು ಕೇಳಿದ್ದಕ್ಕೆ ಮಾತ್ರ ಅವರು ಉತ್ತರ ಕೊಡದೆ ಚಿಲ್ಲರೆ ಎಣಿಸತೊಡಗಿದರು.