ಹೊಸ ಪಿಸ್ತೂಲಿನ ಟ್ರಿಗರ್ ಹಗುರ ಮಾಡಿಸುವ ಮುನ್ನ ಇದನ್ನು ಓದಿ

ಕಳೆದ ಜನವರಿಯ ಒಂದು ಶನಿವಾರ, ಡಲ್ಲಾಸ್ ಹೊರವಲಯದ ಬಯಲು ಶೂಟಿಂಗ್ ರೇಂಜಿನಲ್ಲಿ, ನಾನು ಗುರಿ ಹಿಡಿಯುವ ಮೊದಲೇ ನನ್ನ ಪಿಸ್ತೂಲಿನಿಂದ ಗುಂಡು ಹಾರಿತು. ಏಳೆಂಟು ಅಡಿ ಮುಂದೆ ನೆಲದ ಮಣ್ಣು ಚಿಮ್ಮಿತು. ನನ್ನ ಹೆಂಡತಿ ಹಿಂದಿನ ಬೆಂಚಿನ ಬಳಿ ನಿಂತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಕೋವಿಯ ಬಾಯಿಯನ್ನು ಮನುಷ್ಯರತ್ತ ತಿರುಗಿಸಬಾರದೆಂದು ಅಪ್ಪ ಚಿಕ್ಕಂದಿನಲ್ಲಿ ಗದರಿಸಿ ಕಲಿಸಿದ್ದರು. ಆ ಒಂದು ಅಭ್ಯಾಸ ಅಂದು ಕಾಪಾಡಿತು. ಉಳಿದ ಎಲ್ಲದರಲ್ಲೂ ನಾನು ತಪ್ಪಿದ್ದೆ.

ನಮ್ಮದು ಕೊಡಗಿನ ಜಮ್ಮಾ ಹಿಡುವಳಿಯ (ವಂಶಪಾರಂಪರ್ಯವಾಗಿ ಬಂದ ಭೂಮಿಯ) ಕುಟುಂಬ. ಅಂಥ ಕುಟುಂಬಗಳಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದ್ದುದರಿಂದ ಮನೆಯಲ್ಲಿ ಜೋಡಿ ನಳಿಗೆಯ ಕೋವಿ ಅಜ್ಜನ ಕಾಲದಿಂದಲೂ ಇದೆ. ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ಅದಕ್ಕೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಹೀಗಾಗಿ ಬಂದೂಕು ನನಗೆ ಗೊತ್ತು ಎಂದುಕೊಂಡಿದ್ದೆ. ಆದರೆ ಜೋಡಿ ನಳಿಗೆಯ ಕೋವಿಯನ್ನು ಮಡಚಿ ತೆರೆದರೆ ಒಳಗೆ ತೋಟೆ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ಎರಡು ಈಡು ಹಾರಿದರೆ ಮುಗಿಯಿತು. ಅರೆ ಸ್ವಯಂಚಾಲಿತ ಪಿಸ್ತೂಲು ಹಾಗಲ್ಲ. ಒಂದು ಗುಂಡು ಹಾರಿದೊಡನೆ ಅದರ ಮೇಲಿನ ಜಾರುವ ಭಾಗ, ಸ್ಲೈಡ್, ತಾನಾಗಿ ಹಿಂದೆ ಸರಿದು, ಖಾಲಿ ತೋಟೆಯನ್ನು ಹೊರಗೆಸೆದು, ತೋಟೆಗಳನ್ನು ತುಂಬಿಡುವ ಮ್ಯಾಗಜೀನಿನಿಂದ ಮುಂದಿನದನ್ನು ನಳಿಗೆಗೆ ತುಂಬಿ ಸಿದ್ಧವಾಗಿರುತ್ತದೆ. ಮುಂದಿನ ಗುಂಡನ್ನು ತಡೆದು ನಿಂತಿರುವುದು ಟ್ರಿಗರ್‌ನ ಬಿಗಿ ಮತ್ತು ನಮ್ಮ ಬೆರಳು, ಅಷ್ಟೇ. ನಾನು ದುಡ್ಡು ಕೊಟ್ಟು ಸಡಿಲಿಸಿದ್ದು ಆ ಬಿಗಿಯನ್ನೇ.

ಖರೀದಿಯಲ್ಲಿ ತೊಂದರೆಯಾಗಲಿಲ್ಲ. ಗ್ರೀನ್ ಕಾರ್ಡ್ ಬಂದಿತ್ತು. 4473 ಸಂಖ್ಯೆಯ ನಮೂನೆ ತುಂಬಿದೆ, ಹಿನ್ನೆಲೆ ಪರಿಶೀಲನೆ ಮುಗಿಯಿತು, 560 ಡಾಲರ್ ಕೊಟ್ಟು 9 ಎಂಎಂ ಪಿಸ್ತೂಲನ್ನು ಮನೆಗೆ ತಂದೆ. (ಇಲ್ಲಿ ಒಂದು ಮಾತು. ಎಚ್-1ಬಿಯಂಥ ವೀಸಾದಲ್ಲಿ ಇರುವವರು, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಅಮೆರಿಕದ ಫೆಡರಲ್ ಕಾನೂನಿನಂತೆ ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವಂತಿಲ್ಲ. ಊರಿನ ಗೆಳೆಯರನ್ನು ರೇಂಜಿಗೆ ಕರೆದೊಯ್ದು ಅವರ ಕೈಗೆ ಪಿಸ್ತೂಲು ಕೊಡುವ ಮುನ್ನ ದಯವಿಟ್ಟು ವಕೀಲರನ್ನು ಕೇಳಿ. ಅವರ ವೀಸಾಕ್ಕೇ ಕುತ್ತು ಬರಬಹುದು.)

ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಅದರಿಂದ ಐವತ್ತು ಗುಂಡುಗಳನ್ನೂ ಹಾರಿಸಿರಲಿಲ್ಲ. ಪಿಸ್ತೂಲುಗಳಿಗೆ ಮಾರ್ಪಾಡು ಮಾಡಿಕೊಡುವ ಒಂದು ಅಂಗಡಿಗೆ ಹೋದೆ. ‘ಈ ಟ್ರಿಗರ್ ಎಲ್ಲರೂ ಬದಲಾಯಿಸುವಂಥದ್ದೇ, ನೀವೂ ಬದಲಾಯಿಸಿ’ ಎಂದರು. ಗುರಿ ಹಿಡಿಯಲು ಕೆಂಪು ಚುಕ್ಕಿ ಮೂಡಿಸುವ ಸೈಟ್ ಎಂಬ ಸಾಧನ, ಹಗುರ ಟ್ರಿಗರ್, ಮೆದು ಸ್ಪ್ರಿಂಗ್‌ಗಳು, ಕೂಲಿ ಎಲ್ಲ ಸೇರಿ 640 ಡಾಲರ್. ಪಿಸ್ತೂಲಿಗಿಂತ ಅಲಂಕಾರಕ್ಕೇ ಹೆಚ್ಚಾಯಿತು.

ಮೊದಲು ಕೈಕೊಟ್ಟದ್ದು ಸೈಟ್. ಹತ್ತು ಗುಂಡಿಗೆ ಒಂದೆರಡು ಬಾರಿ ಖಾಲಿ ತೋಟೆ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಖಾಲಿ ತೋಟೆಯನ್ನು ಹಿಡಿದೆಳೆಯುವ ಕೊಕ್ಕೆಯನ್ನು ಒತ್ತಿ ಹಿಡಿಯುವ ಸಣ್ಣ ಕಡ್ಡಿಯೊಂದು ಸ್ಲೈಡಿನ ಒಳಗೆ, ಸೈಟ್ ಕೂರುವ ಜಾಗದ ಕೆಳಗೇ ಇರುತ್ತದೆ. ಸೈಟ್ ಕೂರಿಸಲು ಬಳಸಿದ ತಿರುಪು ತುಸು ಉದ್ದವಾಗಿ ಅದಕ್ಕೆ ಒತ್ತುತ್ತಿತ್ತು. ಸರಿಯಾದ ಅಳತೆಯ ತಿರುಪು ಹಾಕಿದೊಡನೆ ಆ ತೊಂದರೆ ಹೋಯಿತು. ಇದು ಬಲ್ಲವರಿಗೆ ಚೆನ್ನಾಗಿ ಗೊತ್ತಿರುವ ದೋಷ. ಅಂಗಡಿಯವರು ನೋಡಲಿಲ್ಲ.

ಎರಡನೆಯದು ಸ್ಪ್ರಿಂಗ್. ನನ್ನದರಂಥ ಪಿಸ್ತೂಲಿನಲ್ಲಿ ಟ್ರಿಗರ್ ಎಳೆಯುವಾಗ, ತೋಟೆಗೆ ಬಡಿದು ಗುಂಡು ಹಾರಿಸುವ ಸೂಜಿಯ ಸ್ಪ್ರಿಂಗನ್ನೂ ನಾವೇ ಇನ್ನಷ್ಟು ಅದುಮುತ್ತಿರುತ್ತೇವೆ. ಅದನ್ನು ಮೆದು ಮಾಡಿದರೆ ಟ್ರಿಗರ್ ಹಗುರವಾಗುತ್ತದೆ ನಿಜ, ಆದರೆ ತೋಟೆಯ ಹಿಂಬದಿಯ, ಮದ್ದಿಗೆ ಕಿಡಿ ಕೊಡುವ ಪ್ರೈಮರ್‌ಗೆ ಬಡಿಯುವ ಬಲವೂ ಆ ಸ್ಪ್ರಿಂಗಿನದೇ. ಒಂದರಲ್ಲಿ ಉಳಿಸಿದ್ದನ್ನು ಇನ್ನೊಂದರಲ್ಲಿ ತೆರಬೇಕು. ಗಟ್ಟಿ ಪ್ರೈಮರ್ ಇರುವ ತೋಟೆಗಳು ‘ಟಿಕ್’ ಎಂದು ಸದ್ದು ಮಾಡಿ ಸುಮ್ಮನಾಗುತ್ತಿದ್ದವು. ತೆಗೆದು ನೋಡಿದರೆ ಪ್ರೈಮರ್ ಮೇಲೆ ಬರೀ ಸಣ್ಣ ಗುಳಿ. ಹೀಗಾದಾಗ ಪಿಸ್ತೂಲನ್ನು ತಿರುಗಿಸಿ ನೋಡಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಬಾಯಿ ಗುರಿಯತ್ತಲೇ ಇರಲಿ, ಕನಿಷ್ಠ ಮೂವತ್ತು ಸೆಕೆಂಡು ಕಾಯಿರಿ. ಆತ್ಮರಕ್ಷಣೆಗೆಂದು ಕೊಂಡ ಆಯುಧ ಹೊತ್ತಿಗೆ ಹಾರದಿದ್ದರೆ ಏನು ಗತಿ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ಇನ್ನು ಟ್ರಿಗರ್. ಕಾರ್ಖಾನೆಯಿಂದ ಬಂದಾಗ ಅದನ್ನು ಎಳೆಯಲು ಸುಮಾರು ಎರಡೂವರೆ ಕಿಲೋ ಬಲ ಬೇಕಿತ್ತು. ಬದಲಾಯಿಸಿದ ಮೇಲೆ ಅದರ ಅರ್ಧ ಸಾಕಾಗಿತ್ತು. ಅಂಗಡಿಯಲ್ಲಿ ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದು ನೋಡಿದಾಗ ಬೆಣ್ಣೆಯಂತೆ ಜಾರಿತು, ಹಿಗ್ಗಿದೆ. ಆ ಶನಿವಾರ ಚಳಿಗೆ ಬೆರಳು ಮರಗಟ್ಟಿತ್ತು. ಪಿಸ್ತೂಲನ್ನು ಕೆಳಗಿನಿಂದ ಗುರಿಯ ಮಟ್ಟಕ್ಕೆ ಏರಿಸುವಾಗಲೇ ಬೆರಳನ್ನು ಟ್ರಿಗರ್ ಮೇಲೆ ಇಟ್ಟೆ. ಹಳೆಯ ಬಿಗಿ ಬೆರಳಿಗೆ ತಾಗಬೇಕಾದ ಕಡೆ ಏನೂ ತಾಗಲಿಲ್ಲ, ಸದ್ದಷ್ಟೇ ಕೇಳಿತು. ರೇಂಜಿನ ಸುರಕ್ಷತಾ ಅಧಿಕಾರಿ ಬಂದು ಪಿಸ್ತೂಲನ್ನು ಖಾಲಿ ಮಾಡಿಸಿ ನನ್ನನ್ನು ಹೊರಗೆ ಕಳುಹಿಸಿದರು. ಅವರು ಮಾಡಿದ್ದು ಸರಿ.

ಅಂಗಡಿಯವರು ಹಣ ಹಿಂದಿರುಗಿಸಲಿಲ್ಲ. ತಪ್ಪು ನಿಮ್ಮ ಬೆರಳಿನದು ಎಂದರು. ಬೆರಳಿನ ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಅನುಭವ ಎಷ್ಟಿದೆ, ಯಾವ ತೋಟೆ ಬಳಸುತ್ತೀರಿ, ಮನೆಯಲ್ಲಿಡುತ್ತೀರೋ ಸ್ಪರ್ಧೆಗೆ ಒಯ್ಯುತ್ತೀರೋ ಎಂದು ಒಂದು ಮಾತೂ ಕೇಳದೆ ಹೊಸಬನ ಕೈಗೆ ಅಂಥ ಟ್ರಿಗರ್ ಕೊಟ್ಟದ್ದು ಅವರ ತಪ್ಪು. ಆ ಪ್ರಶ್ನೆಗಳನ್ನು ಕೇಳದ ಅಂಗಡಿಯಿಂದ ಎದ್ದು ಬನ್ನಿ. ಹೊಸ ಪಿಸ್ತೂಲಿನಿಂದ, ಇದ್ದ ಸ್ಥಿತಿಯಲ್ಲೇ, ಕೆಲವು ನೂರು ಗುಂಡುಗಳನ್ನಾದರೂ ತರಬೇತುದಾರರ ಮುಂದೆ ಹಾರಿಸಿ. ನನಗೆ ಕೊರತೆಯಾಗಿದ್ದುದು ಅಭ್ಯಾಸ, ಬಿಡಿಭಾಗವಲ್ಲ. ಬದಲಾಯಿಸಿದ ಭಾಗದಿಂದ ಬಂದ ಹಾನಿಗೆ ತಯಾರಕರ ವಾರಂಟಿ ಸಿಗುತ್ತದೆಂದು ನಂಬಬೇಡಿ. ಸ್ಲೈಡಿನ ಹಿಂಬದಿಗೆ ಕೂರುವ, ಟ್ರಿಗರ್ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇರುವಂತೆ ಮಾಡುವ ‘ಸ್ವಿಚ್’ ಎಂಬ ಪುಟ್ಟ ತುಂಡನ್ನಂತೂ ಮುಟ್ಟಲೇಬೇಡಿ. ಅದು ಕಾನೂನಿನ ಕಣ್ಣಿನಲ್ಲಿ ಮಷಿನ್ ಗನ್, ಹತ್ತು ವರ್ಷದವರೆಗೆ ಜೈಲು.

ತಯಾರಕರಿಂದ ತರಬೇತಿ ಪಡೆದ ಒಬ್ಬರ ಬಳಿ ಎಲ್ಲ ಮೂಲ ಭಾಗಗಳನ್ನೂ ಮತ್ತೆ ಹಾಕಿಸಿದೆ. ಈಚೆಗೆ ಐನೂರು ಗುಂಡು ಹಾರಿಸಿದ್ದೇನೆ, ಒಂದೂ ಸಿಕ್ಕಿಕೊಂಡಿಲ್ಲ. ತೆಗೆಸಿದ ಟ್ರಿಗರ್ ಮತ್ತು ಸ್ಪ್ರಿಂಗ್‌ಗಳು ಮೇಜಿನ ಖಾನೆಯಲ್ಲಿವೆ. ಅರ್ಧ ಬೆಲೆಗೆ ಕೊಡುತ್ತೀರಾ ಎಂದು ಇಬ್ಬರು ಕೇಳಿದರು. ಕೊಡಲಿಲ್ಲ.