ನಾಯಿಮರಿಗೆ ಬರೀ ಹಸಿ ಮಾಂಸ ಹಾಕುವ ಮುನ್ನ ಇದನ್ನು ಓದಿ

ನಿಮ್ಮ ಮನೆಯಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಥರದ ದೊಡ್ಡ ಜಾತಿಯ ಮರಿ ಇದೆಯಾ? "ಡ್ರೈ ಫುಡ್ ಬಿಡಿ, ಹಸಿ ಮಾಂಸ ಶುರು ಮಾಡಿ" ಅಂತ ಯಾರಾದರೂ ಹೇಳುತ್ತಿದ್ದಾರಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಈ ಮಾತಿಗೆ ನಮ್ಮ ಬೆಳ್ಳಿಯ ತೊಡೆ ಮೂಳೆ ಮುರಿದಿದೆ. ಅವಳು ಎಲ್ಲಿಂದಲೂ ಬಿದ್ದಿರಲಿಲ್ಲ, ಯಾವ ಗಾಡಿಯೂ ತಾಗಿರಲಿಲ್ಲ. ಸೋಫಾದಿಂದ ಕೆಳಗೆ ಇಳಿದಳು, ಅಷ್ಟೆ.

ಬೆಳ್ಳಿ ಲ್ಯಾಬ್ರಡಾರ್. ಎರಡು ತಿಂಗಳ ಮರಿಯಾಗಿದ್ದಾಗ ಮೈಸೂರಿನ ನಮ್ಮ ಮನೆಗೆ ಬಂದಳು. ಮೊದಮೊದಲು ಮರಿಗಳ ಡ್ರೈ ಫುಡ್ಡನ್ನೇ ಬಿಸಿನೀರಲ್ಲಿ ನೆನೆಸಿ ಕೊಡುತ್ತಿದ್ದೆವು. ಸ್ವಲ್ಪ ಮೈ ಕೆರೆದುಕೊಳ್ಳುತ್ತಿದ್ದಳು ಅನ್ನುವುದು ಬಿಟ್ಟರೆ ಬೇರೇನೂ ತೊಂದರೆ ಇರಲಿಲ್ಲ. ಆ ಕೆರೆತ ನೋಡಿ ಪರಿಚಯದವರೊಬ್ಬರು ಒಂದು ನಂಬರ್ ಕೊಟ್ಟರು. ನಾಯಿಗಳಿಗೆ ಅಂತಲೇ ಹಸಿ ಮಾಂಸ ಪ್ಯಾಕ್ ಮಾಡಿ ಮನೆಗೆ ತಲುಪಿಸುವವರು. ಆ ಮನುಷ್ಯ ಫೋನಿನಲ್ಲೇ ತುಂಬಾ ಹೊತ್ತು ಮಾತಾಡಿದ. "ಮೇಡಂ, ನಾಯಿ ಅಂದ್ರೆ ತೋಳ. ಕಾಡಲ್ಲಿ ತೋಳಕ್ಕೆ ಯಾರು ಪ್ಯಾಕೆಟ್ ಹಾಕ್ತಾರೆ? ಡ್ರೈ ಫುಡ್ಡಲ್ಲಿರೋದೆಲ್ಲ ಮೆಕ್ಕೆಜೋಳ, ಅಕ್ಕಿ ನುಚ್ಚು, ಕೆಮಿಕಲ್ಲು. ಇವತ್ತೇ ನಿಲ್ಲಿಸಿ" ಅಂದ. ಇಷ್ಟು ಸಣ್ಣ ಮರಿಗೂ ಕೊಡಬಹುದಾ ಅಂತ ಅಮ್ಮ ಎರಡೆರಡು ಸಲ ಕೇಳಿದರು. "ಮರಿಗೇ ಕೊಡಬೇಕು ಅಮ್ಮಾ, ಮೂಳೆ ಗಟ್ಟಿಯಾಗೋದೇ ಮಾಂಸದಿಂದ" ಅಂತ ಉತ್ತರ ಬಂತು.

ಈ ಕೊನೆಯ ಮಾತು ಅಪ್ಪಟ ಸುಳ್ಳು. ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡಿದ್ದೂ ಅದೇ ಮಾತು.

ಬರುತ್ತಿದ್ದ ಪ್ಯಾಕೆಟ್‌ಗಳಲ್ಲಿ ಇರುತ್ತಿದ್ದದ್ದು ಬೋನ್‌ಲೆಸ್ ಕೋಳಿ, ಕುರಿ ಖೀಮಾ, ಒಂದಿಷ್ಟು ಲಿವರ್. ಮಾಂಸ ತಾಜಾ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಲೇಬಲ್ ಮೇಲೆ ದೊಡ್ಡದಾಗಿ "100% ನೈಸರ್ಗಿಕ" ಅಂತ ಬರೆದಿತ್ತು. ತೂಕ ಇತ್ತು, ಬೆಲೆ ಇತ್ತು. ಕ್ಯಾಲ್ಸಿಯಂ ಎಷ್ಟು, ಯಾವ ವಯಸ್ಸಿನ ನಾಯಿಗೆ, ಇದೊಂದೇ ಹಾಕಿದರೆ ಸಾಕಾ ಅನ್ನುವುದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಶುರುವಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಇದನ್ನು ಮರೆಯಬೇಡಿ. ಬೆಳ್ಳಿ ತಟ್ಟೆ ನೆಕ್ಕಿ ನೆಕ್ಕಿ ತಿಂದಳು. ಕೂದಲು ಮಿರಿಮಿರಿ ಮಿಂಚಿತು. ತೂಕವೂ ಏರಿತು. ಹಸಿ ಮಾಂಸದ ಬಗ್ಗೆ ಹೊಗಳಿ ಹೇಳುವವರು ಹೇಳುವುದೆಲ್ಲ ಈ ಹಂತದ ಮಾತು. ಮೂಳೆ ಒಳಗೇ ಸೊರಗುತ್ತಿರುವುದು ಹೊರಗಿನಿಂದ ಕಾಣುವುದಿಲ್ಲ.

ಆಮೇಲೆ ಒಂದೊಂದಾಗಿ ಶುರುವಾಯಿತು. ಜಗಲಿ ಹತ್ತುವುದನ್ನು ಬಿಟ್ಟಳು. ಮುಂಗಾಲಿನ ಪಾದಗಳು ಹೊರಕ್ಕೆ ತಿರುಗಿ, ಬೆರಳುಗಳು ಅಗಲವಾಗಿ ನೆಲಕ್ಕೆ ಚಪ್ಪಟೆಯಾಗಿ ಊರತೊಡಗಿದವು. ಎತ್ತಿಕೊಂಡರೆ ಕುಂಯ್ ಅನ್ನುವಳು. ಮಲವಿಸರ್ಜನೆಗೆ ಕೂತರೆ ಬಹಳ ಹೊತ್ತು ತಿಣುಕುವಳು. ಮಾಂಸ ಕಳಿಸುವವನಿಗೆ ಹೇಳಿದರೆ "ಅದು ಬೆಳೆಯೋ ನೋವು ಮೇಡಂ, ಮಾಂಸ ಇನ್ನೊಂದು ಸ್ವಲ್ಪ ಜಾಸ್ತಿ ಮಾಡಿ" ಅಂದ. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ನೋವಿನ ಇಂಜೆಕ್ಷನ್ ಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು. ಕ್ಯಾಲ್ಸಿಯಂ ನಾರ್ಮಲ್ ಅಂತ ಬಂತು. ಏನೂ ಇಲ್ಲ, ಸರಿಹೋಗುತ್ತೆ ಅಂತ ಕಳಿಸಿದರು.

ಅದಾಗಿ ಸ್ವಲ್ಪ ದಿನಕ್ಕೇ ಸೋಫಾದಿಂದ ಇಳಿದವಳು ಕಿರುಚಿಕೊಂಡು ಅಲ್ಲೇ ಕುಸಿದಳು. ಆ ಕೂಗು ಕೇಳಿ ಪಕ್ಕದ ಮನೆಯವರೂ ಓಡಿ ಬಂದರು. ಹಿಂಗಾಲು ಎತ್ತಲು ಆಗುತ್ತಿರಲಿಲ್ಲ.

ಈ ಸಲ ಹೋದದ್ದು ಬೇರೆ ಡಾಕ್ಟರ ಹತ್ತಿರ. ಅವರು ಮುಟ್ಟುವುದಕ್ಕೂ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಊಟಕ್ಕೆ ಏನು ಹಾಕ್ತಿದ್ದೀರಿ?" ಹೇಳಿದೆವು. ತಕ್ಷಣ ಎಕ್ಸ್‌ರೇಗೆ ಕಳಿಸಿದರು. ಆ ಚಿತ್ರ ನನ್ನ ಕಣ್ಣಿಂದ ಹೋಗುವುದಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ ಎದ್ದು ಕಾಣಬೇಕು, ಅಲ್ವಾ? ಬೆಳ್ಳಿಯ ಮೂಳೆ ಸುತ್ತಲಿನ ಮಾಂಸದಷ್ಟೇ ಮಸುಕಾಗಿತ್ತು. ಅಂಚಿನಲ್ಲಿ ಪೆನ್ಸಿಲ್ ಗೆರೆಯಷ್ಟು ತೆಳ್ಳಗೆ ಒಂದು ಬಿಳಿ ಗೀರು, ಒಳಗೆಲ್ಲ ಬೂದು. ತೊಡೆಯ ಮೂಳೆ ಎರಡಾಗಿ ಒಡೆದಿರಲಿಲ್ಲ, ಮಡಚಿಕೊಂಡಿತ್ತು. ಡಾಕ್ಟರು ಅದೇ ವಯಸ್ಸಿನ ಇನ್ನೊಂದು ಮರಿಯ ಎಕ್ಸ್‌ರೇಯನ್ನು ಪಕ್ಕದಲ್ಲಿಟ್ಟು ತೋರಿಸಿದರು. ಏನೂ ವಿವರಿಸಬೇಕಾಗಲಿಲ್ಲ.

ಆಗಿದ್ದೇನು ಅಂತ ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಬೆಳೆಯುವ ಮರಿಯ ಊಟದಲ್ಲಿ ಫಾಸ್ಫರಸ್ ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಕನಿಷ್ಠ ಒಂದು ಪಾಲಾದರೂ ಇರಬೇಕು, ಅದಕ್ಕಿಂತ ಒಂದಿಷ್ಟು ಹೆಚ್ಚಿದ್ದರೆ ಒಳ್ಳೆಯದು. ಮೂಳೆ ಇಲ್ಲದ ಮಾಂಸದಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಕ್ಯಾಲ್ಸಿಯಂ ಒಂದು ಪಾಲಿದ್ದರೆ ಫಾಸ್ಫರಸ್ ಹದಿನೈದು, ಇಪ್ಪತ್ತು ಪಾಲು. ಲಿವರಿನಲ್ಲಿ ಇನ್ನೂ ಕಡೆ. ಅಮೆರಿಕದ ಪಶು ಆಹಾರ ನಿಯಮದ ಪ್ರಕಾರ ಬೆಳೆಯುವ ಮರಿಗೆ ಪ್ರತಿ 1000 ಕ್ಯಾಲರಿ ಊಟಕ್ಕೆ ಕನಿಷ್ಠ 3 ಗ್ರಾಂ ಕ್ಯಾಲ್ಸಿಯಂ ಬೇಕು. 1000 ಕ್ಯಾಲರಿಯಷ್ಟು ಬೋನ್‌ಲೆಸ್ ಕೋಳಿಯಲ್ಲಿ ಸಿಗುವುದು ಸುಮಾರು 0.1 ಗ್ರಾಂ. ಮೂವತ್ತರಲ್ಲಿ ಒಂದು ಪಾಲು!

ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯ, ನರ, ಸ್ನಾಯು ಯಾವುದೂ ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ದೇಹ ಅದನ್ನು ಹೇಗಾದರೂ ಸರಿದೂಗಿಸುತ್ತದೆ. ಕತ್ತಿನಲ್ಲಿ ಥೈರಾಯ್ಡ್ ಪಕ್ಕ ಪ್ಯಾರಾಥೈರಾಯ್ಡ್ ಅಂತ ನಾಲ್ಕು ಪುಟ್ಟ ಗ್ರಂಥಿಗಳಿವೆ. ಊಟದಿಂದ ಕ್ಯಾಲ್ಸಿಯಂ ಬರದಿದ್ದರೆ ಇವು ಹಾರ್ಮೋನ್ ಬಿಟ್ಟು ಮೂಳೆಯೆಂಬ ಕಣಜದಿಂದ ಅದನ್ನು ತೆಗೆಸುತ್ತವೆ. ದಿನಾ ತೆಗೆಸುತ್ತಲೇ ಇರುತ್ತವೆ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ನಾರ್ಮಲ್ ಬರುವುದು ಇದೇ ಕಾರಣಕ್ಕೆ. ರಿಪೋರ್ಟ್ ಚೆನ್ನಾಗಿದೆ ಅಂದರೆ ಮೂಳೆ ಚೆನ್ನಾಗಿದೆ ಅಂತಲ್ಲ. ಅತ್ತ ಮರಿಯ ತೂಕ ಏರುತ್ತಿರುತ್ತದೆ, ಇತ್ತ ಅದನ್ನು ಹೊರುವ ಕಾಲು ತೆಳ್ಳಗಾಗುತ್ತಿರುತ್ತದೆ. ದೊಡ್ಡ ಜಾತಿಯ ಮರಿಗಳು ಬೇಗ ಬೆಳೆಯುವುದರಿಂದ ಪೆಟ್ಟು ಬೇಗ ಬೀಳುತ್ತದೆ.

"ನಾವು ಹಸಿ ಹಾಕಲ್ಲ, ಕೋಳಿ ಬೇಯಿಸಿ ಅನ್ನಕ್ಕೆ ಕಲಸಿ ಹಾಕ್ತೀವಿ" ಅನ್ನುವವರೂ ದಯವಿಟ್ಟು ಗಮನಿಸಿ. ಬೇಯಿಸಿದರೆ ರೋಗಾಣು ಸಾಯುತ್ತದೆ, ಕ್ಯಾಲ್ಸಿಯಂ ಹುಟ್ಟುವುದಿಲ್ಲ. ಅಕ್ಕಿಯಲ್ಲೂ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೋಳಿ ಅನ್ನ ಒಂದನ್ನೇ ತಿಂದು ಬೆಳೆದ ಮರಿಗೂ ಇದೇ ಗತಿ. ರಾಗಿ ಹಾಕುತ್ತೇವಲ್ಲ ಅಂತ ನನಗೂ ಅನ್ನಿಸಿತ್ತು. ರಾಗಿಯಲ್ಲಿ ಬೇರೆ ಧಾನ್ಯಗಳಿಗಿಂತ ಎಷ್ಟೋ ಪಾಲು ಜಾಸ್ತಿ ಕ್ಯಾಲ್ಸಿಯಂ ಇದೆ, 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ. ಆದರೂ 1000 ಕ್ಯಾಲರಿಯ ಲೆಕ್ಕ ಹಾಕಿದರೆ ಮರಿಗೆ ಬೇಕಾದ ಮೂರರಲ್ಲಿ ಒಂದು ಪಾಲು ಅಷ್ಟೆ. ಅದರಲ್ಲೂ ರಾಗಿಯಲ್ಲಿರುವ ಫೈಟಿಕ್ ಆಮ್ಲ ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ಮುದ್ದೆ, ಅಂಬಲಿ ಕೊಡಬೇಡಿ ಅಂತಲ್ಲ. ಅದನ್ನೇ ನಂಬಿ ಕೂರಬೇಡಿ ಅಂತ.

ಇನ್ನು ತೋಳದ ಮಾತು. ತೋಳ ಬೋನ್‌ಲೆಸ್ ತಿನ್ನುವುದಿಲ್ಲ. ಬೇಟೆಯ ಮೂಳೆ, ಚರ್ಮ, ಕರುಳು ಎಲ್ಲ ತಿನ್ನುತ್ತದೆ. ಈ ಹಸಿ ಆಹಾರದ ಪದ್ಧತಿಯನ್ನು 1993ರ ಹೊತ್ತಿಗೆ ಜನಪ್ರಿಯ ಮಾಡಿದ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಕೂಡ ಮಾಂಸ ಅಂಟಿದ ಹಸಿ ಮೂಳೆಗೇ ಒತ್ತು ಕೊಟ್ಟವರು. ಅವರ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಅದು ಬೇರೆ. ಆದರೆ ಆ ಹೆಸರು ಹೇಳಿಕೊಂಡು ಇಲ್ಲಿ ಮಾರುವವರು ಮೂಳೆಯನ್ನೇ ತೆಗೆದು ಬರೀ ಮಾಂಸ ಕೊಡುತ್ತಿದ್ದಾರೆ. ಜೊತೆಗೆ ನಾಯಿ ಈಗ ತೋಳವಾಗಿ ಉಳಿದಿಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 2013ರಲ್ಲಿ ಎರಡರ ಜೀನ್ ಹೋಲಿಸಿ ನೋಡಿದರು. ಪಿಷ್ಟ ಅರಗಿಸುವ ಜೀನು ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿ ಸಿಕ್ಕಿತು. ಮನುಷ್ಯನ ಜೊತೆ ಸಾವಿರಾರು ವರ್ಷ ರೊಟ್ಟಿ, ಅನ್ನ ತಿಂದ ಗುರುತು ಅದು. ನಮ್ಮ ಬಾಗಲಕೋಟೆ ಕಡೆ ಮುಧೋಳ ನಾಯಿಗಳನ್ನು ತಲೆಮಾರುಗಳಿಂದ ಜೋಳ, ಗೋಧಿ, ಹಾಲು ಹಾಕಿಯೇ ಸಾಕಿದ್ದಾರೆ. ಕಾಳು ಕಡ್ಡಿ ನಾಯಿಗೆ ವಿಷ ಅನ್ನುವವರು ಒಮ್ಮೆ ಆ ಕಡೆ ಹೋಗಿ ನೋಡಲಿ.

ಹಾಗಾದರೆ ಹಸಿ ಕೋಳಿ ಕತ್ತು, ಕೋಳಿ ಕಾಲು ಸೇರಿಸಿ ಕೊಟ್ಟರಾಯಿತಲ್ಲ ಅಂತ ನೀವು ಕೇಳಬಹುದು. ಅದೂ ಬೇಡ. ಹಸಿ ಕೋಳಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ರೋಗಾಣು ಸಾಮಾನ್ಯ. ಮೆಲ್ಬರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿ ಕೋಳಿ ತಿನ್ನುವುದಕ್ಕೂ ನಾಯಿಗಳಿಗೆ ಬರುವ ಒಂದು ಬಗೆಯ ಪಾರ್ಶ್ವವಾಯುವಿಗೂ ನೇರ ನಂಟು ಕಂಡುಬಂತು. ಹಿಂಗಾಲಿನಿಂದ ಶುರುವಾಗಿ ನಾಲ್ಕೂ ಕಾಲು ಬಿದ್ದುಹೋಗುವ ಕಾಯಿಲೆ ಅದು. ಅವರು ಮುಖ್ಯವಾಗಿ ಬೊಟ್ಟು ಮಾಡಿದ್ದು ಕೋಳಿ ಕತ್ತಿನ ಕಡೆಗೇ.

ನಾಯಿಯ ಮಾತು ಹಾಗಿರಲಿ, ಮನೆಯವರ ಮಾತೇನು? ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಮಾರಾಟಕ್ಕೆ ಸಿಗುವ ನಾಯಿ, ಬೆಕ್ಕಿನ ಹಸಿ ಆಹಾರದ 196 ಸ್ಯಾಂಪಲ್ ಪರೀಕ್ಷಿಸಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಅನ್ನುವ ರೋಗಾಣು ಸಿಕ್ಕಿತು. ಫ್ರೀಜರ್‌ನಲ್ಲಿಟ್ಟರೆ ಇವು ಸಾಯುವುದಿಲ್ಲ, ಸುಮ್ನೆ ಮಲಗಿರುತ್ತವೆ. ನಾಯಿಗೆ ಏನೂ ಆಗದೇ ಇದ್ದರೂ ಅದರ ಮಲದಲ್ಲಿ, ಬಾಯಲ್ಲಿ ರೋಗಾಣು ಇರಬಹುದು. ಅದೇ ಬಾಯಲ್ಲಿ ಮಗುವಿನ ಕೆನ್ನೆ ನೆಕ್ಕುತ್ತದೆ. ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ, ಅಕ್ಕ ಬಂದರೆ ಅಂಬೆಗಾಲಿಡುವ ಮಗು ಇರುತ್ತದೆ. ಲಿಸ್ಟೀರಿಯಾ ಅಂದರೆ ಬಸುರಿಯರಿಗೆ ಗರ್ಭಪಾತದ ಅಪಾಯ. ಮಾಂಸ ಮಾರುವವನ ಬಾಯಿಂದ ಇದರಲ್ಲಿ ಒಂದು ಮಾತೂ ಬರಲಿಲ್ಲ.

ಬೆಳ್ಳಿಗೆ ಪ್ಲಾಸ್ಟರ್ ಹಾಕಲಿಲ್ಲ. ಅಷ್ಟು ಮೆದು ಮೂಳೆಗೆ ಪ್ಲಾಸ್ಟರಿನ ಭಾರ ಬಿದ್ದರೆ ಇನ್ನೊಂದು ಕಡೆ ಮುರಿಯಬಹುದು ಅಂದರು. ರಾಡ್ ಹಾಕಲು ಮೂಳೆಯಲ್ಲಿ ಹಿಡಿತವೇ ಇರಲಿಲ್ಲ. ಮದ್ದು ಅಂದರೆ ನೋವಿನ ಔಷಧಿ, ಸರಿಯಾದ ಊಟ, ಕದಲದಂತೆ ಕೂಡಿಹಾಕುವುದು. ನಡುಮನೆಯ ಮೂಲೆಯಲ್ಲಿ ಒಂದು ಚಿಕ್ಕ ಕಟಕಟೆ ಮಾಡಿ, ದಪ್ಪ ಹಾಸಿಗೆ ಹಾಕಿ ಅಲ್ಲೇ ಇಟ್ಟೆವು. ಅಷ್ಟು ಸಣ್ಣ ಮರಿಗೆ ಓಡಬೇಡ, ಹಾರಬೇಡ ಅಂದರೆ ಅರ್ಥವಾಗುತ್ತಾ? ಬಾಗಿಲ ಬೆಲ್ ಆದರೆ ಸಾಕು, ಏಳಲು ನೋಡಿ ಮತ್ತೆ ಕಿರುಚುವಳು. ಅಮ್ಮ ಬೆಲ್ಲಿನ ವೈರನ್ನೇ ಕೀಳಿಸಿದರು. ರಾತ್ರಿ ಪಾಳಿಯಲ್ಲಿ ಪಕ್ಕದಲ್ಲಿ ಮಲಗಿದೆವು.

ಊಟಕ್ಕೆ ಮತ್ತೆ ಡ್ರೈ ಫುಡ್ಡೇ, ದೊಡ್ಡ ಜಾತಿಯ ಮರಿಗಳಿಗೆ ಅಂತ ಇರುವಂಥದ್ದು. ಕೆಲವೇ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗಾಗತೊಡಗಿತು. ಈಗ ಓಡಾಡುತ್ತಾಳೆ, ಬಾಲ ಬೀಸುತ್ತಾಳೆ. ಆದರೆ ಒಂದು ಹಿಂಗಾಲು ಸೊಟ್ಟಗೇ ಉಳಿಯಿತು. ಸೊಂಟದ ಮೂಳೆ ಒಳಕ್ಕೆ ಒತ್ತಿಕೊಂಡು ದಾರಿ ಕಿರಿದಾಗಿರುವುದರಿಂದ ಮಲಬದ್ಧತೆ ಜೀವನಪೂರ್ತಿ ಇರಬಹುದು, ಮರಿ ಹಾಕಿಸುವ ಯೋಚನೆಯನ್ನಂತೂ ಮಾಡಬೇಡಿ ಅಂದಿದ್ದಾರೆ. ಕೆರೆತಕ್ಕೆ ಕಾರಣ ಚಿಗಟ ಅಂತ ಅದೇ ಡಾಕ್ಟರು ಕಂಡುಹಿಡಿದರು. ಚಿಗಟದ ಔಷಧಿಗೆ ಕೆರೆತ ನಿಂತಿತು.

ಇದನ್ನು ಓದಿ ಗಾಬರಿಯಾಗಿ ಯಾರೂ ಮೆಡಿಕಲ್ ಶಾಪಿಗೆ ಹೋಗಿ ಕ್ಯಾಲ್ಸಿಯಂ ಸಿರಪ್ ತಂದು ಸುರಿಯಬೇಡಿ. ಹೆಚ್ಚಿಗೆ ಬಂದ ಕ್ಯಾಲ್ಸಿಯಂ ಅನ್ನು ಬೇಡ ಅಂತ ತಡೆಯುವ ಶಕ್ತಿ ಸಣ್ಣ ಮರಿಯ ಕರುಳಿಗೆ ಇರುವುದಿಲ್ಲ. ದೊಡ್ಡ ಜಾತಿಯ ಮರಿಗಳಲ್ಲಿ ಅದೂ ಮೂಳೆ, ಕೀಲು ಕೆಡಿಸುತ್ತದೆ. ವಿಟಮಿನ್ ಡಿ ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು. ಡ್ರೈ ಫುಡ್ ತಿನ್ನುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಡಾಕ್ಟರು ಹೇಳದೆ ಅದನ್ನೂ ಮಾಡಬೇಡಿ.

ಪ್ಯಾಕೆಟ್ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಅದು ಸಂಪೂರ್ಣ ಆಹಾರವಾ, ಬೆಳೆಯುವ ಮರಿಗಳಿಗೆ ಆಗುತ್ತಾ, ದೊಡ್ಡ ಜಾತಿಗೂ ಸೇರಿಸಿ ಹೇಳಿದ್ದಾರಾ ಅಂತ ನೋಡಿ. ನೈಸರ್ಗಿಕ, ತಾಜಾ, ಪ್ರೀಮಿಯಂ ಅನ್ನುವ ಮಾತುಗಳಿಂದ ಇದು ಗೊತ್ತಾಗುವುದಿಲ್ಲ. ಮನೆ ಅಡುಗೆಯನ್ನೇ ಕೊಡಬೇಕು ಅಂತಿದ್ದರೆ ಪಶುವೈದ್ಯರ ಹತ್ತಿರ ಗ್ರಾಂ ಲೆಕ್ಕದಲ್ಲಿ ಬರೆಸಿಕೊಳ್ಳಿ. ಮಾಂಸ ಮಾರುವವರ ಹತ್ತಿರ ಊಟದ ಪಟ್ಟಿ ಕೇಳಬೇಡಿ.

ಈಗಾಗಲೇ ಬರೀ ಮಾಂಸ ತಿನ್ನುತ್ತಿರುವ ಮರಿ ಮೆಟ್ಟಿಲು ಹತ್ತಲು ಹಿಂಜರಿದರೆ, ಕುಂಟಿದರೆ, ಎತ್ತಿದಾಗ ಅತ್ತರೆ ಕಾಯಬೇಡಿ. ರಕ್ತ ಪರೀಕ್ಷೆ ಒಂದಕ್ಕೇ ನಿಲ್ಲಿಸದೆ ಎಕ್ಸ್‌ರೇ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಹತ್ತಿರ ಸೌಲಭ್ಯ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಏನು ತಿನ್ನಿಸಿದ್ದೀರಿ, ಎಷ್ಟು ದಿನದಿಂದ ಅನ್ನುವುದನ್ನು ಮುಚ್ಚಿಡದೆ ಹೇಳಿ. ಕರೆದುಕೊಂಡು ಹೋಗುವಾಗ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಒಂದು ಹಲಗೆ ಅಥವಾ ಬಿಗಿಯಾಗಿ ಹಿಡಿದ ದಪ್ಪ ಬೆಡ್‌ಶೀಟ್ ಮೇಲೆ ಮಲಗಿಸಿಕೊಂಡು, ಇಬ್ಬರು ಎರಡು ಕಡೆ ಹಿಡಿದು ಒಯ್ಯಿರಿ.